ಒಣತೂಕದ ಒಗಟು

ಕಾವೇರಿಯ ದಂಡೆಯಲ್ಲಿರುವ ನೆಲ್ಯಹುದಿಕೇರಿಯ ತೋಟಗಳಲ್ಲಿ ಕೊಯ್ದ ಕಾಫಿಯ ಹಣ್ಣನ್ನು ಕಣದಲ್ಲಿ ಹರಡಿ ಒಣಗಿಸುತ್ತಾರೆ. ದಿನ ಕಳೆದಂತೆ ಅದರ ತೂಕ ಇಳಿಯುತ್ತದೆ. ಬೀಜವೇನೂ ಕಡಮೆಯಾಗಿರುವುದಿಲ್ಲ, ಹೋದದ್ದು ನೀರು. ಅಕಾಲದ ಮಳೆಯಲ್ಲಿ ನೆನೆದರೆ ತೂಕ ಮತ್ತೆ ಏರುತ್ತದೆ. ತಕ್ಕಡಿಯು ಒಟ್ಟು ತೂಕವನ್ನು ಮಾತ್ರ ಹೇಳಬಲ್ಲುದು. ಅದರಲ್ಲಿ ನೀರೆಷ್ಟು, ಕಾಳೆಷ್ಟು ಎಂಬುದನ್ನು ಹೇಳಲಾರದು.

ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ಚಿಕಿತ್ಸೆ ಪಡೆಯುವವರನ್ನು ಕಾಡುವ ಒಗಟೂ ಇದೇ. "ನೀರನ್ನು ಅಳೆದೇ ಕುಡಿಯುತ್ತೇನೆ, ಆದರೂ ತೂಕವೇಕೆ ಏರುತ್ತದೆ?" ಎಂಬುದು ಅವರ ಪ್ರಶ್ನೆ.

ಆರೋಗ್ಯವಂತರಲ್ಲಿ ಮೂತ್ರಪಿಂಡಗಳು ಹಗಲಿರುಳೂ ಮಾಡುವ ಕೆಲಸವನ್ನು ಇಲ್ಲಿ ಯಂತ್ರವು ಸಾಮಾನ್ಯವಾಗಿ ವಾರಕ್ಕೆ 3 ಸಲ, ಸುಮಾರು 4 ಗಂಟೆಗಳಂತೆ ಮಾಡಬೇಕು. 1943ರಲ್ಲಿ ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್ ಸೆಲೋಫೇನ್ ಕೊಳವೆಯನ್ನು ಬಳಸಿ ರಚಿಸಿದ ಯಂತ್ರದ ಮೂಲತತ್ತ್ವವೇ ಇಂದಿಗೂ ನಡೆದುಬಂದಿದೆ: ರಕ್ತದಲ್ಲಿನ ಕಶ್ಮಲವು ಪೊರೆಯ ಸೂಕ್ಷ್ಮ ರಂಧ್ರಗಳ ಮೂಲಕ ಆಚೆಯ ದ್ರಾವಣಕ್ಕೆ ಹರಡುತ್ತದೆ. ಹೆಚ್ಚಿನ ನೀರನ್ನು ಒತ್ತಡದ ವ್ಯತ್ಯಾಸದಿಂದ ಹೊರಸೆಳೆಯುತ್ತಾರೆ. ಅದು ಹೋದ ಬಳಿಕ ಉಳಿಯುವ ತೂಕವನ್ನು ವೈದ್ಯರೂ 'ಒಣತೂಕ' ಎಂದೇ ಕರೆಯುತ್ತಾರೆ.

ಎರಡು ದಿನಗಳಲ್ಲಿ 2 ಕಿಲೋಗ್ರಾಂ ಏರಿದರೆ ಅದು ಕೊಬ್ಬಾಗಿರಬಹುದೆ? 1 ಕಿಲೋಗ್ರಾಂ ಕೊಬ್ಬು ಕೂಡಬೇಕಾದರೆ ದೇಹದ ವೆಚ್ಚವನ್ನು ಮೀರಿ ಸುಮಾರು 7,700 ಕಿಲೋಕ್ಯಾಲೊರಿಗಳಷ್ಟು ಆಹಾರ ಸೇರಬೇಕು. ಎರಡು ದಿನಗಳಲ್ಲಿ ಅದರ ಇಮ್ಮಡಿ ಅಸಂಭವ. ಆದುದರಿಂದ ಹಠಾತ್ತಾಗಿ ಏರಿದ ತೂಕ ನೀರೇ.

ಆ ನೀರು ಬಂದುದೆಲ್ಲಿಂದ? ಲೋಟದಿಂದ ಮಾತ್ರವಲ್ಲ. ಗಂಜಿ, ಸಾರು, ಹಣ್ಣುಗಳಲ್ಲಿ ಅದು ಅಡಗಿದೆ. ಬೆಂದ ಅನ್ನದಲ್ಲಿಯೂ ಸುಮಾರು ಮೂರರಲ್ಲಿ ಎರಡು ಪಾಲು ನೀರೇ. ಇವೆಲ್ಲಕ್ಕಿಂತ ಪ್ರಬಲವಾದುದು ಉಪ್ಪು. ಸುಮಾರು 8 ಗ್ರಾಂ ಉಪ್ಪು ದೇಹದಲ್ಲಿ ಉಳಿದರೆ, ರಕ್ತದ ಸಾಂದ್ರತೆಯನ್ನು ಸರಿದೂಗಿಸಲು 1 ಲೀಟರ್ ನೀರು ಬೇಕಾಗುತ್ತದೆ. ಬಾಯಾರಿಕೆ ಅದನ್ನು ಕುಡಿಸಿಯೇ ತೀರುತ್ತದೆ. ಉಪ್ಪಿನಕಾಯಿ, ಒಣಮೀನು, ಹಪ್ಪಳಗಳನ್ನು ಬಿಡದೆ ನೀರನ್ನು ಮಾತ್ರ ಬಿಡುವೆನೆಂಬುದು ಕಷ್ಟದ ಮಾತು.

ಮಿಕ್ಕ ನೀರು ಕಾಲುಗಳಲ್ಲಿ ಬಾವಾಗುತ್ತದೆ. ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅದನ್ನು ಬೇಗನೆ ಸೆಳೆದುಬಿಡುವಂತೆಯೂ ಇಲ್ಲ. ಗಂಟೆಗೆ, ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 13 ಮಿಲಿಲೀಟರನ್ನು ಮೀರದಿರುವುದು ಲೇಸೆಂದು ಹೇಳುತ್ತಾರೆ. 50 ಕಿಲೋಗ್ರಾಂ ತೂಗುವವರಿಗೆ 4 ಗಂಟೆಗಳಲ್ಲಿ ಇದು 2.6 ಲೀಟರ್. ಮೀರಿದರೆ ರಕ್ತದೊತ್ತಡ ಕುಸಿಯಬಹುದು, ಸ್ನಾಯುಗಳು ಸೆಡೆಯಬಹುದು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಈ ಊರಿನ ಮನೆಗಳಿಗೆ ನುಗ್ಗಿದಂತಹ ದಿನಗಳಲ್ಲಿ ಚಿಕಿತ್ಸೆಯ ಸರದಿ ತಪ್ಪಿದರೆ, ಉಪ್ಪಿನ ಹಿಡಿತವೇ ಮೊದಲ ರಕ್ಷೆ.

ಆದರೆ ವಾರಗಟ್ಟಲೆ ನಿಧಾನವಾಗಿ ಏರುವ ತೂಕದ ಅರ್ಥ ಬೇರೆಯಿರಬಹುದು. ಚಿಕಿತ್ಸೆಯಿಂದ ಹಸಿವು ಮರಳಿ, ಮೈ ತುಂಬಿಕೊಳ್ಳುವುದುಂಟು. ಆಗಲೂ ಹಳೆಯ ಒಣತೂಕವನ್ನೇ ಹಿಡಿದರೆ ದೇಹಕ್ಕೆ ಬೇಕಾದ ನೀರನ್ನೂ ಸೆಳೆದಂತಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಮೈ ಸೊರಗಿದವರಲ್ಲಿ ಆ ಜಾಗವನ್ನು ನೀರು ತುಂಬಿದರೆ ತಕ್ಕಡಿಯ ಮುಳ್ಳು ಕದಲುವುದೇ ಇಲ್ಲ. ಅಪಾಯ ಅಲ್ಲಿಯೇ ಹೆಚ್ಚು. ಆದುದರಿಂದ ಒಣತೂಕವನ್ನು ವೈದ್ಯರು ಆಗಾಗ ಹೊಸದಾಗಿ ನಿಶ್ಚಯಿಸಬೇಕು.

ಒಂದೇ ತಕ್ಕಡಿ, ಒಂದೇ ಹೊತ್ತು, ಒಂದೇ ಬಗೆಯ ಉಡುಪು. ದಿನವೂ ತೂಕವನ್ನು ಬರೆದಿಟ್ಟು, ಜೊತೆಗೆ ಬಾವು, ಏದುಸಿರುಗಳನ್ನೂ ಗುರುತಿಸಿ ವೈದ್ಯರಿಗೆ ತೋರಿಸಬೇಕು. ಮಲಗಿದಾಗ ಉಸಿರು ಕಟ್ಟಿದರೆ ಮುಂದಿನ ಸರದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಏರಿದ ತೂಕ ರೋಗಿಯ ಅಪರಾಧವಲ್ಲ. ಬಿಡಿಸಿ ನೋಡಬೇಕಾದ ಒಂದು ಲೆಕ್ಕ.