ಊರ ಮಿಲ್ಲಿನಲ್ಲಿ ಕೊಯ್ಯಿಸಿದ ಮರವನ್ನು ಮನೆಗೆ ಬಳಸುವ ಕ್ರಮ

ಹಿತ್ತಲಿನ ಹಲಸನ್ನೋ ಬದುವಿನ ಬೇವನ್ನೋ ಕಡಿದು, ಹತ್ತಿರದ ಮಿಲ್ಲಿನಲ್ಲಿ ಕೊಯ್ಯಿಸಿ ಮನೆ ಕಟ್ಟುವ ರೂಢಿ ನಮ್ಮಲ್ಲಿ ಹಳೆಯದು. ಇದರಿಂದ ಖರ್ಚು ಉಳಿಯುವುದು ನಿಜ. ಆದರೆ ಈ ಮರವನ್ನು ಯಾರೂ ಪರೀಕ್ಷಿಸಿ ದರ್ಜೆ ಗೊತ್ತುಮಾಡಿರುವುದಿಲ್ಲ. ಆ ಕೆಲಸ ನಿಮ್ಮದೇ. ಯಾವ ತುಂಡು ಭಾರ ಹೊರಲು ತಕ್ಕದ್ದು ಎಂದು ಮೊದಲೇ ತಿಳಿಯದಿದ್ದರೆ ಛಾವಣಿಗೇ ಅಪಾಯ.

ಕಡಿಯುವ ಮುನ್ನ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿ ಇಲ್ಲದ ಜಾತಿಯ ಮರ ಸ್ವಂತ ಜಮೀನಿನಲ್ಲಿದ್ದರೂ ಕಡಿಯಲು ಅನುಮತಿ ಬೇಕು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಇದನ್ನೂ ಸಾಗಾಣಿಕೆಯ ನಿಯಮಗಳನ್ನೂ ವಿಚಾರಿಸಿರಿ.

ಒಣಗಿಸುವುದು: ಹಸಿ ಮರ ಒಣಗುವಾಗ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಸೀಳುತ್ತದೆ. ಇದೆಲ್ಲ ಗೋಡೆ ಸೇರುವ ಮೊದಲೇ ಆಗಿಹೋಗಬೇಕು. ಕೊಯ್ಯಿಸಿದ ಕೂಡಲೇ ತುದಿಗಳಿಗೆ ಡಾಂಬರು ಬಳಿದರೆ ಅವು ಬೇಗ ಒಣಗಿ ಬಿರಿಯುವುದು ಕಡಿಮೆಯಾಗುತ್ತದೆ. ನೆರಳಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಪದರ ಪದರವಾಗಿ ಒಟ್ಟಿರಿ. ಪದರಗಳ ನಡುವೆ 1 ಅಂಗುಲ ದಪ್ಪದ ಪಟ್ಟಿಗಳನ್ನು 2 ಅಡಿಗೊಂದರಂತೆ, ಒಂದರ ನೇರಕ್ಕೆ ಇನ್ನೊಂದು ಬರುವಂತೆ ಇಡಿರಿ. ಒಣಗಿದೆಯೇ ಎಂದು ತಿಳಿಯಲು ತಕ್ಕಡಿ ಸಾಕು. ಒಂದೆರಡು ತುಂಡುಗಳನ್ನು ಗುರುತುಮಾಡಿ 15 ದಿನಕ್ಕೊಮ್ಮೆ ತೂಗಿರಿ. ಬೇಸಗೆಯಲ್ಲಿ ತೂಕ ಇಳಿಯುವುದು ನಿಂತರೆ ಮರ ಒಣಗಿದಂತೆ. ಮಳೆಗಾಲದ ತೂಕವನ್ನು ನಂಬಬೇಡಿರಿ.

ವಿಂಗಡಿಸುವುದು: ಭಾರ ಬಿದ್ದಾಗ ತೊಲೆಯ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳ ಅಂಚು ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ನಡುಭಾಗದ ಕೆಳ ಅಂಚಿನಲ್ಲಿರುವ ಗಂಟು ಬಹಳ ಅಪಾಯಕಾರಿ. ಗಂಟು ಚಿಕ್ಕದೂ ಗಟ್ಟಿಯೂ ಆಗಿದ್ದರೆ ಅದು ಮೇಲೆ ಬರುವಂತೆ ತೊಲೆಯನ್ನು ತಿರುಗಿಸಿರಿ. ದೊಡ್ಡದಾಗಿದ್ದರೆ ಆ ತುಂಡನ್ನು ಬಿಟ್ಟುಬಿಡಿರಿ. ಮರದ ಎಳೆ 12 ಅಂಗುಲ ಉದ್ದಕ್ಕೆ 1 ಅಂಗುಲಕ್ಕಿಂತ ಹೆಚ್ಚು ಓರೆಯಾಗಿದ್ದರೆ ಅದೂ ತೊಲೆಗೆ ಬೇಡ. ಇಂಥ ತುಂಡುಗಳನ್ನು ಕಪಾಟಿಗೋ ಬೆಂಚಿಗೋ ಬಳಸಬಹುದು. ತೊಲೆಯನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಕೂರಿಸಿರಿ. 3 ಅಂಗುಲ ಅಗಲ, 6 ಅಂಗುಲ ಎತ್ತರವಾಗಿ ನಿಂತ ತೊಲೆಯು ಮಲಗಿಸಿದ ಅದೇ ತೊಲೆಗಿಂತ ಎರಡರಷ್ಟು ಭಾರ ಹೊರಬಲ್ಲದು.

ಹುಳುವಿನ ಕಾಟ: ಹೊರಗಿನ ಬಿಳಿ ಮರದಲ್ಲಿ ಪಿಷ್ಟವಿರುವುದರಿಂದ ಕುಟ್ಟೆ ಹುಳು ಬೇಗ ಹತ್ತುತ್ತದೆ. ವಾಸಕಾಲಿಗೂ ತೊಲೆಗೂ ಒಳಗಿನ ಚೇಗನ್ನೇ ಆರಿಸಿರಿ. ಮನೆಯೊಳಗೆ ಬಿಳಿ ಮರ ಬಳಸುವುದಾದರೆ ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಬೆರೆಸಿದ ದ್ರಾವಣದಿಂದ ಉಪಚರಿಸಿರಿ. ಮಳೆ ತಾಗುವಲ್ಲಿ ಇದು ತೊಳೆದುಹೋಗುತ್ತದೆ.

ಅಂಕಣ ದೊಡ್ಡದಾಗಿದ್ದರೆ ತೊಲೆಯ ಅಳತೆಯನ್ನು ಎಂಜಿನಿಯರರಿಂದ ಗೊತ್ತುಮಾಡಿಸಿಕೊಳ್ಳಿರಿ. ಸಂದೇಹವಿರುವ ತುಂಡು ಎಷ್ಟೇ ಚೆನ್ನಾಗಿ ಕಂಡರೂ ಛಾವಣಿಗೆ ಏರಿಸಬೇಡಿರಿ.