ಹೊಸದೇನಾದರೂ ಬಂತಾ?

ಕನ್ನಡ ವಿಕಿಪೀಡಿಯದಲ್ಲಿ ದಾವಣಗೆರೆಯ ಪುಟ ತೆರೆದು, ಅದರ ಇತಿಹಾಸದ ಪುಟಕ್ಕೆ ಹೋದರೆ ‘ಆಟಮ್’ ಎಂಬ ಕೊಂಡಿ ಇರುತ್ತದೆ. ಒತ್ತುವವರು ಕಡಿಮೆ. ಆ ಕೊಂಡಿಯ ವಿಳಾಸವನ್ನು ಕಾಪಿ ಮಾಡಿ ಯಾವುದಾದರೂ ಫೀಡ್ ರೀಡರ್ ಆ್ಯಪ್‌ಗೆ ಕೊಟ್ಟು ನೋಡಿ. ಅಲ್ಲಿನ ಆನೆಕೊಂಡದ ಹಳೆಯ ಈಶ್ವರ ದೇವಸ್ಥಾನದ ಬಗ್ಗೆ ನಾಳೆ ಯಾರಾದರೂ ಆ ಪುಟಕ್ಕೆ ಒಂದೇ ಸಾಲು ಸೇರಿಸಿದರೂ ನಿಮಗೆ ಗೊತ್ತಾಗುತ್ತದೆ.

ಫೀಡ್ ಎಂದರೆ ಜಾಲತಾಣದಲ್ಲಿ ಹೊಸದಾಗಿ ಬಂದವುಗಳ ಪಟ್ಟಿ ಇರುವ ಒಂದು ಕಡತ, ಅಷ್ಟೇ. ಒಂದೊಂದಕ್ಕೂ ಶೀರ್ಷಿಕೆ, ಕೊಂಡಿ, ದಿನಾಂಕ, ಗುರುತು. ಪೇಪರ್ ಹಾಕುವ ಹುಡುಗನಾದರೆ ಮನೆ ಬಾಗಿಲಿಗೆ ಬರುತ್ತಾನೆ. ಇಲ್ಲಿ ಆ್ಯಪ್ಪೇ ಆಗಾಗ ಹೋಗಿ ‘ಹೊಸದೇನಾದರೂ ಬಂತಾ?’ ಎಂದು ಕೇಳಿ ಬರುತ್ತದೆ. ಏನೂ ಬದಲಾಗಿರದಿದ್ದರೆ ಸರ್ವರ್ ‘304’ ಎಂಬ ಸಂಕೇತವನ್ನಷ್ಟೇ ಕೊಟ್ಟು ಕಳಿಸಬಹುದು. ಆಗ ಕಡತ ಇಳಿಯುವುದಿಲ್ಲ, ಡೇಟಾ ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಚಂದಾದಾರರಾಗಲು ಫೋನ್ ನಂಬರ್, ಇಮೇಲ್ ಯಾವುದನ್ನೂ ತಾಣಕ್ಕೆ ಕೊಡಬೇಕಿಲ್ಲ. ನೀವು ಏನನ್ನು ಮೊದಲು ಓದಬೇಕೆಂದು ಫೀಡು ತೀರ್ಮಾನಿಸುವುದಿಲ್ಲ. ಫೇಸ್‌ಬುಕ್ಕಿಗೆ ಹೋಲಿಸಿದರೆ ಇದೇ ದೊಡ್ಡ ನೆಮ್ಮದಿ.

ಕನ್ನಡದ ಮಟ್ಟಿಗೆ ಒಂದು ತೊಡಕಿತ್ತು. ಫೀಡಿನಲ್ಲಿ ಅಕ್ಷರ ಹೋಗುತ್ತದೆ, ಫಾಂಟ್ ಹೋಗುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ, ತಾಣಕ್ಕೊಂದು ಫಾಂಟ್ ಬಳಸುತ್ತಿದ್ದ ಕಾಲದಲ್ಲಿ ಅದೇ ಬರಹ ಬೇರೆ ಕಡೆ ತೆರೆದರೆ ಬರೀ ಕಲಸುಮೇಲೋಗರ. ಯೂನಿಕೋಡ್ ಬಂದ ಮೇಲೆ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ‘ಆನೆಕೊಂಡ’ ಎಂದರೆ ಆ, ನ, ಎತ್ವ, ಕ, ಒತ್ವ, ಸೊನ್ನೆ, ಡ: 7 ಸಂಕೇತ. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಹರಿಹರದ ಮೊಬೈಲಿನಲ್ಲೂ ಅಮೆರಿಕದ ಲ್ಯಾಪ್‌ಟಾಪಿನಲ್ಲೂ ಅದು ಆನೆಕೊಂಡವೇ.

ಫೀಡಿನ ಒಂದು ಪದ್ಧತಿಯನ್ನು 1999ರಲ್ಲಿ ಶುರುಮಾಡಿದ್ದು ನೆಟ್‌ಸ್ಕೇಪ್ ಕಂಪನಿ. ಹೆಸರು ಆರ್‌ಎಸ್‌ಎಸ್. (ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ.) ಡೇವ್ ವೈನರ್ ಅದನ್ನು ಬೆಳೆಸಿ 2002ರಲ್ಲಿ 2.0 ಆವೃತ್ತಿ ತಂದರು. ಇನ್ನೊಂದು ಪದ್ಧತಿಯಾದ ಆಟಮ್ 2005ರಲ್ಲಿ ಮಾನಕವಾಯಿತು. 2013ರ ಜುಲೈಯಲ್ಲಿ ಗೂಗಲ್ ತನ್ನ ರೀಡರ್ ಮುಚ್ಚಿದಾಗ ಫೀಡಿನ ಕಥೆ ಮುಗಿಯಿತೆಂದು ಅನೇಕರು ಷರಾ ಬರೆದರು. ಮುಗಿಯಲಿಲ್ಲ. ಕನ್ನಡದ್ದೂ ಸೇರಿ ಪಾಡ್‌ಕಾಸ್ಟ್‌ಗಳು ಇವತ್ತಿಗೂ ಆ್ಯಪ್‌ಗಳಿಗೆ ಹರಿಯುವುದು ಬಹುಪಾಲು ಆರ್‌ಎಸ್‌ಎಸ್ ಮೂಲಕವೇ. ಪಟ್ಟಿಯಲ್ಲಿ ಆಡಿಯೊ ಕಡತದ ಕೊಂಡಿಯೂ ಸೇರಿಕೊಂಡಿರುತ್ತದೆ.

ಎಲ್ಲ ಸುದ್ದಿತಾಣಗಳೂ ಫೀಡ್ ಕೊಡುವುದಿಲ್ಲ. ಕೊಡುವವುಗಳಲ್ಲೂ ಕೆಲವು ಎರಡು ಸಾಲು ತೋರಿಸಿ, ಉಳಿದದ್ದಕ್ಕೆ ಜಾಹೀರಾತುಗಳ ನಡುವೆ ಕರೆದೊಯ್ಯುತ್ತವೆ. ಶುರುವಿಗೆ ನಾಲ್ಕೈದು ತಾಣ ಸಾಕು. ದಿನಕ್ಕೆ ನೂರಾರು ಸುದ್ದಿ ಸುರಿಯುವ ತಾಣವನ್ನು ಮೊದಲೇ ಸೇರಿಸಿಕೊಂಡರೆ ಬೇಸರ ಖಂಡಿತ. ಆ್ಯಪ್ ಹಿಡಿಸದಿದ್ದರೆ ಚಂದಾ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಇಳಿಸಿಕೊಂಡು ಇನ್ನೊಂದಕ್ಕೆ ಹಾಕಿಕೊಳ್ಳಿ.