ಜಿನುಗುವ ಎಣ್ಣೆ: ಸೂಪರ್‌ಚಾರ್ಜರಿನ ಸೋರಿಕೆ ಪತ್ತೆ ಹೇಗೆ?

ಕಾರಿನ ಬಾನೆಟ್ ಎತ್ತಿದಾಗ ಸೂಪರ್‌ಚಾರ್ಜರಿನ ತಳದಲ್ಲಿ ಎಣ್ಣೆಯ ಪಸೆ ಕಂಡಿತೆನ್ನಿ. ನೆಲದ ಮೇಲೆ ಬಿದ್ದಿರುವುದು ಹೆಚ್ಚೆಂದರೆ ಎರಡು ಹನಿ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿಲ್ಲ, ಗಾಡಿ ಎಂದಿನಂತೆ ಓಡುತ್ತಿದೆ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ಆ ಎರಡು ಹನಿ ಎಲ್ಲಿಂದ ಬಂದವು ಎಂಬುದರ ಮೇಲೆ ಉತ್ತರ ನಿಂತಿದೆ.

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಪಂಪು. ಇದರ ಮೂಲ ರೂಪಕ್ಕೆ 1860ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು. ಟರ್ಬೊಚಾರ್ಜರ್ ಹೊಗೆಯ ಒತ್ತಡದಿಂದ ತಿರುಗಿದರೆ, ಸೂಪರ್‌ಚಾರ್ಜರನ್ನು ಎಂಜಿನ್ನಿನ ಬೆಲ್ಟು ತಿರುಗಿಸುತ್ತದೆ. ನಮ್ಮ ರಸ್ತೆಗಳ ಡೀಸೆಲ್ ಕಾರುಗಳಲ್ಲಿ ಇರುವುದು ಹೆಚ್ಚಾಗಿ ಟರ್ಬೊ. ಮರ್ಸಿಡಿಸ್ ಬೆಂಜ್‌ನ ‘ಕಂಪ್ರೆಸರ್’ ಹೆಸರಿನ ಮಾದರಿಗಳು, 2000ದ ದಶಕದ ಮೊದಲ ವರ್ಷಗಳ ಮಿನಿ ಕೂಪರ್ ಎಸ್ ಮುಂತಾದವುಗಳಲ್ಲಿ ಸೂಪರ್‌ಚಾರ್ಜರ್ ಕಾಣಸಿಗುತ್ತದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ಟರ್ಬೊ ಎಂಜಿನ್ನಿನ ಎಣ್ಣೆಯನ್ನೇ ಹಂಚಿಕೊಳ್ಳುತ್ತದೆ. ರೂಟ್ಸ್ ಮಾದರಿಯ ಹೆಚ್ಚಿನ ಸೂಪರ್‌ಚಾರ್ಜರುಗಳಿಗಾದರೋ ತಮ್ಮದೇ ಪ್ರತ್ಯೇಕ ಎಣ್ಣೆ ಇರುತ್ತದೆ. ಅದೂ ಸಾಮಾನ್ಯವಾಗಿ ಕಾಲು ಲೀಟರಿಗಿಂತ ಕಡಿಮೆ. ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಗೇರು, ಬೇರಿಂಗುಗಳಿಗೆ ಅಷ್ಟೇ ಆಧಾರ.

ಒಂದು ಸಣ್ಣ ಲೆಕ್ಕ ಹಾಕೋಣ. ಸುಮಾರು 20 ಹನಿ ಸೇರಿ 1 ಮಿಲಿಲೀಟರು ಎಂದಿಟ್ಟುಕೊಳ್ಳಿ. ದಿನಕ್ಕೆ 20 ಹನಿ ಸೋರಿದರೆ 100 ದಿನಕ್ಕೆ 100 ಮಿಲಿಲೀಟರು. 4 ಲೀಟರು ಎಣ್ಣೆ ಹಿಡಿಯುವ ಎಂಜಿನ್ನಿಗೆ ಇದು ನಲವತ್ತರಲ್ಲಿ ಒಂದು ಪಾಲು. 150 ಮಿಲಿಲೀಟರು ಹಿಡಿಯುವ ಸೂಪರ್‌ಚಾರ್ಜರಿಗೆ ಮೂರರಲ್ಲಿ ಎರಡು ಪಾಲು! ಎಂಜಿನ್ನಿನ ಎಣ್ಣೆಯ ಒತ್ತಡ ಇಳಿದರೆ ದೀಪ ಹೊತ್ತುತ್ತದೆ. ಸೂಪರ್‌ಚಾರ್ಜರಿನ ಎಣ್ಣೆ ಬರಿದಾದರೆ ಸಾಮಾನ್ಯವಾಗಿ ಯಾವ ದೀಪವೂ ಹೊತ್ತುವುದಿಲ್ಲ. ಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಇಲ್ಲಿ ಹನಿ ಹನಿಯಾಗಿಯೇ ಹಳ್ಳ ಬತ್ತುತ್ತದೆ.

ಹಾಗೆಂದು ಕೂಡಲೇ ಸೂಪರ್‌ಚಾರ್ಜರನ್ನು ಬಿಚ್ಚಿಸಲು ಹೊರಡಬೇಡಿ. ಮಳೆಗಾಲದಲ್ಲಿ ಹೆಂಚಿನ ಮನೆ ಸೋರುವುದನ್ನು ನೀವು ನೋಡಿರಬಹುದು. ನೀರು ತೊಟ್ಟಿಕ್ಕುವುದು ನಡುಮನೆಯಲ್ಲಿ, ಒಡೆದ ಹೆಂಚು ಇರುವುದು ನಾಲ್ಕು ಮೊಳ ಆಚೆ. ಎಣ್ಣೆಯೂ ಹಾಗೆಯೇ. ಮೇಲಿನಿಂದ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಎಂಜಿನ್ನಿನ ಮೇಲ್ಮುಚ್ಚಳದ ಗ್ಯಾಸ್ಕೆಟ್ಟು, ಮುಂಭಾಗದ ಸೀಲುಗಳು, ಪವರ್ ಸ್ಟಿಯರಿಂಗಿನ ಕೊಳವೆ - ಇವುಗಳ ಸೋರಿಕೆಯೂ ಸೂಪರ್‌ಚಾರ್ಜರಿನ ಮೈಮೇಲೆ ಬಂದು ನಿಲ್ಲಬಹುದು. ಬೆರಳಿಗೆ ಹತ್ತಿದ ದ್ರವವನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಕಪ್ಪಾಗಿದ್ದರೆ ಎಂಜಿನ್ ಎಣ್ಣೆ ಇರಬಹುದು, ಕೆಂಪಾಗಿದ್ದರೆ ಸ್ಟಿಯರಿಂಗಿನದು. ಆದರೆ ಬಣ್ಣವೊಂದನ್ನೇ ನಂಬಿ ತೀರ್ಪು ಕೊಡಬಾರದು.

ಖಚಿತವಾಗಿ ತಿಳಿಯಲು ಈ ಕ್ರಮ ಅನುಸರಿಸಿ.

ಮೊದಲನೆಯದು, ಎಂಜಿನ್ ಪೂರ್ತಿ ತಣಿದ ಮೇಲೆ ಆ ಭಾಗವನ್ನೆಲ್ಲ ಜಿಡ್ಡು ತೆಗೆಯುವ ದ್ರಾವಣ ಹಾಕಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಜೋರಾಗಿ ನೀರು ಹೊಡೆಸಬೇಡಿ, ಬೆಲ್ಟಿನ ಮೇಲೆ ದ್ರಾವಣ ಬೀಳದಿರಲಿ.

ಎರಡನೆಯದು, ಅನುಮಾನವಿರುವ ಜೋಡಣೆಗಳ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ತೆಳುವಾಗಿ ಉದುರಿಸಿ. ನಂತರ ಹತ್ತಿಪ್ಪತ್ತು ಕಿಲೋಮೀಟರು ಓಡಿಸಿ, ಎಂಜಿನ್ ನಿಲ್ಲಿಸಿ, ಟಾರ್ಚು ಹಿಡಿದು ನೋಡಿ. ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಪೌಡರು ಒದ್ದೆಯಾದ ಜಾಗದಿಂದ ಹುಡುಕಾಟ ಆರಂಭವಾಗಲಿ. ಪುಲ್ಲಿಯ ಹಿಂದಿನಿಂದ ಸುತ್ತಲೂ ಗೆರೆಯಂತೆ ಎಣ್ಣೆ ಸಿಡಿದಿದ್ದರೆ ಮುಂದಿನ ಶಾಫ್ಟಿನ ಸೀಲಿನ ಮೇಲೆ ಸಂಶಯ. ಎರಡು ಭಾಗ ಕೂಡುವ ಅಂಚಿನಲ್ಲಿ ಒದ್ದೆ ಕಂಡರೆ ಆ ಜೋಡಣೆಯ ಮೇಲೆ.

ಮೂರನೆಯದು, ಇನ್ನೂ ಅನುಮಾನ ಉಳಿದರೆ ಎಂಜಿನ್ ಎಣ್ಣೆಗೆ ಬೆರೆಸುವ ಹೊಳೆಯುವ ಬಣ್ಣವನ್ನು ಮೆಕ್ಯಾನಿಕ್‌ರಿಂದ ಹಾಕಿಸಿ. ಕೆಲವು ದಿನ ಓಡಿಸಿ ನೇರಳಾತೀತ ದೀಪದಡಿ ನೋಡಿದಾಗ ಹೊರಗಿನ ಪಸೆ ಹೊಳೆದರೆ ಅದು ಎಂಜಿನ್ನಿನದು. ಸೋರಿಕೆಯಿದ್ದೂ ಹೊಳೆಯದಿದ್ದರೆ ಸೂಪರ್‌ಚಾರ್ಜರಿನ ಎಣ್ಣೆಯೆಂಬ ಅನುಮಾನ ಬಲವಾಗುತ್ತದೆ. ಎಂಜಿನ್ನಿನ ಎಣ್ಣೆಯನ್ನೇ ಬಳಸುವ ಕೆಲವು ಸೂಪರ್‌ಚಾರ್ಜರುಗಳೂ ಉಂಟು. ಅವುಗಳಿಗೆ ಈ ಪರೀಕ್ಷೆ ಒಗ್ಗದು. ಆದ್ದರಿಂದ ಗಾಡಿಯ ಕೈಪಿಡಿಯನ್ನು ಮೊದಲು ಓದಿ.

ನಾಲ್ಕನೆಯದು, ಸೂಪರ್‌ಚಾರ್ಜರಿನ ಎಣ್ಣೆಯ ಮಟ್ಟವನ್ನೇ ನೋಡಿಸಿ. ಇದನ್ನು ತಣ್ಣಗಿರುವಾಗ ಮಾತ್ರ, ತಯಾರಕರು ಹೇಳಿದ ಕ್ರಮದಲ್ಲೇ ಮಾಡಬೇಕು. ಅವರು ಸೂಚಿಸಿದ ಎಣ್ಣೆಯ ಬದಲು ಎಂಜಿನ್ ಎಣ್ಣೆ ಸುರಿಯಬಾರದು.

ಹೊರಗೆ ಹನಿ ಕಾಣದೆಯೂ ಮಟ್ಟ ಇಳಿಯುವುದುಂಟು. ಒಳಗಿನ ಸೀಲು ಸವೆದರೆ ಎಣ್ಣೆ ಗಾಳಿಯೊಡನೆ ಎಂಜಿನ್ ಸೇರಿ ಉರಿದುಹೋಗುತ್ತದೆ. ಆದರೆ ಗಾಳಿ ಕೊಳವೆಯೊಳಗಿನ ತೆಳು ಜಿಡ್ಡು ಎಂಜಿನ್ನಿನ ಉಸಿರುಗೊಳವೆಯಿಂದಲೂ ಬಂದಿರಬಹುದು. ಅದನ್ನು ಕಂಡು ಗಾಬರಿಯಾಗಬೇಡಿ, ಮಟ್ಟ ಏನು ಹೇಳುತ್ತದೆ ನೋಡಿ. ಮೇಲೆ ಹೇಳಿದ ಮಿನಿ ಕೂಪರ್ ಎಸ್‌ನಲ್ಲಿ ಸೂಪರ್‌ಚಾರ್ಜರಿನ ಹಿಂಬದಿಯ ಗೇರೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಅಲ್ಲಿನ ಅಲ್ಪ ಎಣ್ಣೆ ಬತ್ತಿ ಗೇರು ಸವೆದರೆ ನೀರಿನ ಪಂಪು ನಿಂತು, ಇಡೀ ಎಂಜಿನ್ನೇ ಕಾದು ಕೆಡಬಹುದು.

ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಬಳಿ ಕೈ, ಸೆರಗು, ದುಪಟ್ಟಾ ಸುಳಿಯದಿರಲಿ. ಬೆಲ್ಟು ಎಣ್ಣೆಯಲ್ಲಿ ನೆನೆದಿದ್ದರೆ, ಸೋರಿಕೆ ಸರಿಪಡಿಸಿದ ಮೇಲೆ ಅದನ್ನೂ ಬದಲಿಸಿ. ಸೂಪರ್‌ಚಾರ್ಜರಿನಿಂದ ಕಲ್ಲು ಅರೆದಂಥ ಸದ್ದು ಬಂದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ. ಮಟ್ಟ ಸರಿಯಾಗಿದ್ದು ಪಸೆ ಮಾತ್ರ ಇದ್ದರೆ, ದಿನಾಂಕ ಮತ್ತು ಕಿಲೋಮೀಟರು ಬರೆದಿಟ್ಟು 1,000 ಕಿಲೋಮೀಟರಿನ ಬಳಿಕ ಮತ್ತೆ ನೋಡಿಸಿ. ಮಟ್ಟ ಇಳಿದಿದ್ದರೆ ತಡಮಾಡದೆ ಸೀಲು ಬದಲಿಸಿ. ಒಂದು ಸೀಲಿಗೆ ತಗಲುವ ಖರ್ಚು ಇಡೀ ಸೂಪರ್‌ಚಾರ್ಜರಿನ ಬೆಲೆಯ ಮುಂದೆ ತೀರ ಅಲ್ಪ.